ಯಾರು ಭಾಗಿಸಿ ನೋಡಿದರು?

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ, ನಮ್ಮ ಸಂಘದ ಮಕ್ಕಳ ಕನ್ನಡ ತರಗತಿಯಲ್ಲಿ, ಹನ್ನೊಂದು ವರ್ಷದ ಹುಡುಗಿಯೊಬ್ಬಳ ಮುಂದೆ ನಾವು ತಲೆ ತಗ್ಗಿಸಿ ನಿಲ್ಲಬೇಕಾಯಿತು. ನಡೆದದ್ದು ಇಷ್ಟು. ಆ ದಿನದ ಪಾಠ ಕನ್ನಡ ಅಂಕಿಗಳದು. ಪರಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೇಗೋ ಅಕ್ಷರ ಬಂದರೂ ಅಂಕಿ ಮಾತ್ರ ಬರುವುದಿಲ್ಲ. ಒಂದರಿಂದ ಹತ್ತರವರೆಗೆ ಬರೆಸಿದರೆ ಆಕಳಿಸುತ್ತಾರೆಂದು ತಿಳಿದು, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಉದ್ದನೆಯ ಸಂಖ್ಯೆಯನ್ನೇ ಬರೆದೆವು:

೧೭೦ ೧೪೧ ೧೮೩ ೪೬೦ ೪೬೯ ೨೩೧ ೭೩೧ ೬೮೭ ೩೦೩ ೭೧೫ ೮೮೪ ೧೦೫ ೭೨೭

ಮಕ್ಕಳು ಸರದಿಯಂತೆ ಎದ್ದುನಿಂತು ಓದಿದರು. ಒಟ್ಟು ಮೂವತ್ತೊಂಬತ್ತು ಅಂಕಿಗಳು. ಪಾಠಕ್ಕೆ ಸ್ವಲ್ಪ ರುಚಿ ಬರಲೆಂದು ನಾವು, "ಇದೊಂದು ಅವಿಭಾಜ್ಯ ಸಂಖ್ಯೆ. ಒಂದನ್ನೂ ಇದನ್ನೂ ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದನ್ನು ಶೇಷವಿಲ್ಲದೆ ಭಾಗಿಸಲು ಬಾರದು" ಎಂದೆವು.

ಹುಡುಗಿ ಕೈಯೆತ್ತಿದಳು. "ಯಾರು ಭಾಗಿಸಿ ನೋಡಿದರು, ಮಾಮ?"

"ದೊಡ್ಡ ದೊಡ್ಡ ಗಣಿತಜ್ಞರು ನೋಡಿದ್ದಾರಮ್ಮ."

"ಎಲ್ಲಾ ಸಂಖ್ಯೆಯಿಂದಲೂ ಭಾಗಿಸಿ ನೋಡಿದರಾ?"

ಇಲ್ಲಿಗೆ ನಮ್ಮ ಬತ್ತಳಿಕೆ ಬರಿದಾಯಿತು. ಎಲ್ಲಾ ಸಂಖ್ಯೆಗಳಿಂದ ಭಾಗಿಸಿ ನೋಡಿರಲಾರರು ಎಂದು ನಮಗೂ ತೋರಿತು. ಹಾಗಾದರೆ ಗೊತ್ತಾದದ್ದು ಹೇಗೆ? ದೊಡ್ಡವರು ಹೇಳಿದ್ದಾರೆ ಎಂಬುದು ಲೆಕ್ಕದಲ್ಲಿ ಉತ್ತರವಾಗಲಾರದು. "ಮುಂದಿನ ವಾರ ಹೇಳುತ್ತೇವೆ" ಎಂದು ಮಾತು ಕೊಟ್ಟು ಮನೆಗೆ ಬಂದೆವು. ಒಂದು ವಾರದಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಆ ಹುಡುಕಾಟದಲ್ಲಿ ನಮಗೆ ತಿಳಿದುಬಂದದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಈ ಸಂಖ್ಯೆಯ ಹುಟ್ಟು ನೋಡೋಣ. ಚದುರಂಗದ ಮಣೆಯ ಕಥೆಯನ್ನು ಕೇಳದ ಮನೆಯಿಲ್ಲ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿಸುತ್ತ ಅರವತ್ತನಾಲ್ಕು ಮನೆ ತುಂಬುವಷ್ಟರಲ್ಲಿ ರಾಜನ ಕಣಜಗಳೆಲ್ಲ ಬರಿದು. ಆ ಕಾಳುಗಳ ಒಟ್ಟು ಮೊತ್ತ 18446744073709551615. ಎರಡನ್ನು ಅರವತ್ತನಾಲ್ಕು ಬಾರಿ ಗುಣಿಸಿ ಒಂದು ಕಳೆದರೆ ಬರುವುದು ಇದೇ. ಬರೆಯುವಾಗ 2⁶⁴ − 1 ಎನ್ನುತ್ತಾರೆ. ಮಣೆಯಲ್ಲಿ 127 ಮನೆಗಳಿದ್ದಿದ್ದರೆ ಒಟ್ಟು ಕಾಳುಗಳು 2¹²⁷ − 1 ಆಗುತ್ತಿದ್ದವು. ನಾವು ಹಲಗೆಯ ಮೇಲೆ ಬರೆದದ್ದು ಅದೇ ಸಂಖ್ಯೆ.

ಅರವತ್ತನಾಲ್ಕಕ್ಕಿಲ್ಲದ ಯಾವ ಗುಣ ನೂರಿಪ್ಪತ್ತೇಳಕ್ಕಿದೆ? 1 ಮತ್ತು 0 ಎಂಬ ಎರಡೇ ಅಂಕಿಗಳಿಂದ ಬರೆಯುವ ದ್ವಿಮಾನ ಪದ್ಧತಿ ಈಗ ಶಾಲೆಯ ಮಕ್ಕಳಿಗೂ ಗೊತ್ತು. ಕಂಪ್ಯೂಟರುಗಳ ಒಳಗಿನ ಭಾಷೆಯೇ ಅದು. ಅದರಲ್ಲಿ 3 ಎಂದರೆ 11, 7 ಎಂದರೆ 111, 15 ಎಂದರೆ 1111. ನಮ್ಮ ಸಂಖ್ಯೆಯನ್ನು ಬರೆಯಬೇಕಾದರೆ 127 ಒಂದುಗಳನ್ನು ಸಾಲಾಗಿ ನಿಲ್ಲಿಸಿದರಾಯಿತು. ಈಗ ಆರು ಒಂದುಗಳ ಸಾಲನ್ನು ತೆಗೆದುಕೊಳ್ಳಿ: 111111, ಅಂದರೆ 63. ಎರಡೆರಡಾಗಿ ಬಿಡಿಸಿದರೆ 11 11 11. ಆದ್ದರಿಂದ 11, ಅಂದರೆ ಮೂರು, ಇದನ್ನು ಭಾಗಿಸುತ್ತದೆ. ಮೂರುಮೂರಾಗಿ ಬಿಡಿಸಿದರೆ 111 111. ಆದ್ದರಿಂದ ಏಳು ಕೂಡ ಭಾಗಿಸುತ್ತದೆ. ಊಟಕ್ಕೆ ಬಂದವರನ್ನು ಸಮನಾದ ಪಂಕ್ತಿಗಳಾಗಿ ಕೂರಿಸಿದಂತೆ ಒಂದುಗಳನ್ನು ಸಮನಾಗಿ ವಿಂಗಡಿಸಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಅರವತ್ತನಾಲ್ಕನ್ನು ವಿಂಗಡಿಸಬಹುದು. ಕಾಳುಗಳ ಸಂಖ್ಯೆ ಐದರಲ್ಲಿ ಕೊನೆಗೊಳ್ಳುವುದನ್ನು ನೋಡಿದರೇ ಅದು ಭಾಗವಾಗುವುದೆಂದು ತಿಳಿಯುತ್ತದೆ. 127 ಜನರನ್ನು ಹಾಗೆ ಕೂರಿಸಲು ಆಗುವುದಿಲ್ಲ. 127 ಸ್ವತಃ ಅವಿಭಾಜ್ಯ.

ಆದರೆ ಇದು ಹೊರಬಾಗಿಲು ಮಾತ್ರ. ಹನ್ನೊಂದು ಕೂಡ ಅವಿಭಾಜ್ಯವೇ, ಆದರೂ ಹನ್ನೊಂದು ಒಂದುಗಳ ಸಾಲು, ಅಂದರೆ 2¹¹ − 1 = 2047, ಒಡೆದು 23 × 89 ಆಗುತ್ತದೆ. ಬಾಗಿಲು ದಾಟಿದವರೆಲ್ಲ ಒಳಮನೆಯವರಲ್ಲ.

ನಮ್ಮ ಸಂಖ್ಯೆಗೆ ಇನ್ನೊಂದು ವಿಶೇಷವಿದೆ, ಅದರ ವಂಶಾವಳಿ. ಎರಡರಿಂದ ಹೊರಟು 2² − 1 = 3. ಆ ಮೂರನ್ನು ಘಾತಸ್ಥಾನದಲ್ಲಿಟ್ಟರೆ 2³ − 1 = 7. ಏಳನ್ನಿಟ್ಟರೆ 2⁷ − 1 = 127. ನೂರಿಪ್ಪತ್ತೇಳನ್ನಿಟ್ಟರೆ ನಮ್ಮ ಮೂವತ್ತೊಂಬತ್ತು ಅಂಕಿಯವನು. ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಅವಿಭಾಜ್ಯರೇ. ಮಗನ ಮಾತು ಕೊನೆಯಲ್ಲಿ ಬರುತ್ತದೆ.

ಈ ಬಗೆಯ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳೆಂದು ಹೆಸರು. ಮರೆನ್ ಮೆರ್ಸೆನ್ (1588–1648) ಪ್ಯಾರಿಸಿನ ಒಂದು ಮಠದಲ್ಲಿದ್ದ ಕ್ರೈಸ್ತ ಸನ್ಯಾಸಿ. ಡೆಕಾರ್ಟ್, ಫೆರ್ಮಾ ಮೊದಲಾದ ವಿದ್ವಾಂಸರಿಗೆ ಕಾಗದ ಬರೆಯುತ್ತ, ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತ, ಆ ಕಾಲಕ್ಕೆ ತಾನೇ ಒಂದು ವಿದ್ವತ್ಪತ್ರಿಕೆಯಂತಿದ್ದ ಮನುಷ್ಯ. ಈ ಸಂಖ್ಯೆಗಳ ಮೇಲೆ ಆಗಿನವರಿಗೆ ಅಷ್ಟು ಮೋಹವಿರಲು ಪರಿಪೂರ್ಣ ಸಂಖ್ಯೆಗಳು ಕಾರಣ. ತನ್ನ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವುದು ಪರಿಪೂರ್ಣ ಸಂಖ್ಯೆ: 6 = 1 + 2 + 3; 28 = 1 + 2 + 4 + 7 + 14. ಮೆರ್ಸೆನ್ ಬಗೆಯ ಅವಿಭಾಜ್ಯವೊಂದು ಸಿಕ್ಕಿದರೆ ಅದರಿಂದ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುವುದೆಂದು ಯೂಕ್ಲಿಡ್ ಎಂದೋ ತೋರಿಸಿದ್ದ. ನಮ್ಮ ಸಂಖ್ಯೆಯನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಗಳ ಪರಿಪೂರ್ಣ ಸಂಖ್ಯೆ ಬರುತ್ತದೆ.

1644ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಮೆರ್ಸೆನ್ ಒಂದು ಪಟ್ಟಿ ಕೊಟ್ಟ: ಘಾತ 2, 3, 5, 7, 13, 17, 19, 31, 67, 127, 257 ಆದಾಗ ಅವಿಭಾಜ್ಯ ಬರುತ್ತದೆ, 257ರವರೆಗೆ ಬೇರೆ ಯಾವುದಕ್ಕೂ ಬರುವುದಿಲ್ಲ. ಸಾಧನೆ ಏನೂ ಇಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಪರೀಕ್ಷಿಸಲು ಕಾಲವೆಲ್ಲ ಸಾಲದು ಎಂದು ಆತನೇ ಬರೆದಿದ್ದಾನೆ. ಹಾಗಿದ್ದೂ ಮೂವತ್ತೊಂಬತ್ತು ಅಂಕಿಯದನ್ನೂ ಎಪ್ಪತ್ತೆಂಟು ಅಂಕಿಯದನ್ನೂ ಧೈರ್ಯವಾಗಿ ಪಟ್ಟಿಗೆ ಸೇರಿಸಿದ. "ದೊಡ್ಡ ಗಣಿತಜ್ಞರು ನೋಡಿದ್ದಾರಮ್ಮ" ಎಂದ ನಮಗೆ ಈ ಸನ್ಯಾಸಿಯ ಮೇಲೆ ಸ್ವಲ್ಪ ಮಮತೆ ಹುಟ್ಟಿತೆಂದರೆ ತಪ್ಪೇನು?

ಇನ್ನೂರಕ್ಕೂ ಹೆಚ್ಚು ವರ್ಷ ಪಟ್ಟಿಯ ಕೊನೆಯ ಹೆಸರುಗಳು ಬರಿಯ ಮಾತಿನ ಮೇಲೆ ನಿಂತಿದ್ದವು. 1772ರಲ್ಲಿ ಆಯ್ಲರ್, ಕಣ್ಣು ಬಹುಮಟ್ಟಿಗೆ ಹೋಗಿದ್ದ ವಯಸ್ಸಿನಲ್ಲಿ, 2³¹ − 1, ಅಂದರೆ 2147483647, ಅವಿಭಾಜ್ಯವೆಂದು ತೋರಿಸಿದ. ಆತ ಮಾಡಿದ್ದು ಭಾಗಾಕಾರವೇ, ಆದರೆ ಜಾಣತನದ್ದು. 2ರ ಘಾತ ಅವಿಭಾಜ್ಯವಾಗಿರುವಾಗ, ಬರುವ ಸಂಖ್ಯೆಯ ಯಾವ ಭಾಜಕವೇ ಆಗಲಿ ಆ ಘಾತದ ಎರಡರಷ್ಟರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಸರಿಯಾಗಿ ಒಂದು ಹೆಚ್ಚಾಗಿರಲೇಬೇಕು. ಹನ್ನೊಂದರ ಉದಾಹರಣೆ ನೋಡಿ: ಇಪ್ಪತ್ತೆರಡರ ಮಗ್ಗಿಯಲ್ಲಿ 22, ಮತ್ತು 88, ಒಂದೊಂದು ಕೂಡಿಸಿದರೆ 23, 89. ಎಷ್ಟು ಅಚ್ಚುಕಟ್ಟು! ಹೀಗೆ ಬೇಡದ ಭಾಜಕಗಳನ್ನೆಲ್ಲ ಜರಡಿ ಹಿಡಿದು ಆಯ್ಲರ್ ಕೆಲಸವನ್ನು ಕೈಗೆ ಎಟಕುವಷ್ಟಕ್ಕೆ ಇಳಿಸಿಕೊಂಡ.

ಅದೇ ಜರಡಿಯನ್ನು ನಮ್ಮ ಸಂಖ್ಯೆಗೆ ಹಿಡಿದರೆ ಏನಾಗುತ್ತದೆ? ಭಾಜಕವೊಂದಿದ್ದರೆ ವರ್ಗಮೂಲದ ಒಳಗೆ ಒಂದಾದರೂ ಸಿಗಬೇಕು. ಇಲ್ಲಿಯ ವರ್ಗಮೂಲವೇ ಇಪ್ಪತ್ತು ಅಂಕಿಯದು. 254ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಗಳನ್ನಷ್ಟೇ ಆರಿಸಿ, ಸೆಕೆಂಡಿಗೆ ಒಂದರಂತೆ, ಊಟ ನಿದ್ರೆ ಬಿಟ್ಟು ಭಾಗಿಸುತ್ತ ಹೋದರೂ ಸುಮಾರು 160 ಕೋಟಿ ವರ್ಷ ಹಿಡಿಯುತ್ತದೆ. ಹುಡುಗಿಯ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಯಾರೂ ಭಾಗಿಸಿ ನೋಡಿಲ್ಲ. ನೋಡಲು ಸಾಧ್ಯವೂ ಇರಲಿಲ್ಲ.

ಆದರೂ 1876ರಲ್ಲಿ ಎದುವಾರ್ ಲುಕಾ ಎಂಬ ಫ್ರೆಂಚ್ ಗಣಿತಜ್ಞ 2¹²⁷ − 1 ಅವಿಭಾಜ್ಯವೆಂದು ಸಾಧಿಸಿದ, ಅದೂ ಕಾಗದ ಲೇಖನಿಗಳಿಂದ. ಲುಕಾ ಹುಟ್ಟಿದ್ದು ಆಮಿಯೆನ್ ಪಟ್ಟಣದಲ್ಲಿ, 1842ರಲ್ಲಿ. ಪ್ಯಾರಿಸಿನ ಖಗೋಳ ವೀಕ್ಷಣಾಲಯದಲ್ಲಿ ಕೆಲಸ ಮಾಡಿ, ಪ್ರಷ್ಯದೊಡನೆ ನಡೆದ ಯುದ್ಧದಲ್ಲಿ ಫಿರಂಗಿ ಪಡೆಯ ಅಧಿಕಾರಿಯಾಗಿದ್ದು, ಆಮೇಲೆ ಶಾಲಾ ಉಪಾಧ್ಯಾಯನಾದ. ಆತನ ಇನ್ನೊಂದು ಸೃಷ್ಟಿ ನಮ್ಮ ಮಕ್ಕಳಿಗೆಲ್ಲ ಪರಿಚಿತ: ಮೂರು ಕಡ್ಡಿ, ಒಂದಕ್ಕಿಂತ ಒಂದು ಚಿಕ್ಕದಾದ ಬಿಲ್ಲೆಗಳು, ಹನೋಯ್ ಗೋಪುರವೆಂಬ ಆಟ. 1883ರಲ್ಲಿ ಅದನ್ನು ಪೇಟೆಗೆ ತಂದಾಗ ಅದರ ಜೊತೆಗೆ ಹರಡಿದ ಕಥೆ ನಮ್ಮ ಕಾಶಿಯದು! ಕಾಶಿಯ ಗುಡಿಯೊಂದರಲ್ಲಿ ಅರ್ಚಕರು ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆ, ಮುಗಿದಂದು ಪ್ರಳಯ ಎಂದು. ಕಾಶಿಯಲ್ಲಿ ಅಂಥ ಗುಡಿಯೇನೂ ಇಲ್ಲ. ಕಥೆ ಕಟ್ಟಿದ್ದು ಪ್ಯಾರಿಸಿನಲ್ಲಿ. ಬೇಕಾಗುವ ನಡೆಗಳು 2⁶⁴ − 1, ಚದುರಂಗದ ಕಾಳುಗಳಷ್ಟೇ.

ಲುಕಾ ಕಂಡುಕೊಂಡ ಪರೀಕ್ಷೆಯನ್ನು ಅಮೆರಿಕದ ಲೆಹ್ಮರ್ 1930ರ ಸುಮಾರಿಗೆ ತಿದ್ದಿ ಒಪ್ಪಮಾಡಿದ. ಆ ರೂಪದಲ್ಲಿ ಅದು ಹೀಗಿದೆ. ನಾಲ್ಕರಿಂದ ಹೊರಡಿ. ಅದರ ವರ್ಗ ಮಾಡಿ, ಎರಡು ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಆ ಶೇಷದ ಮೇಲೆ ಮತ್ತೆ ಅದನ್ನೇ ಮಾಡಿ. ಘಾತಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದಾಗ ಶೂನ್ಯ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.

ಅಡುಗೆಮನೆಯ ಪಕ್ಕದ ಕ್ಯಾಲೆಂಡರಿನ ಹಿಂಭಾಗದಲ್ಲೇ ಮಾಡಿ ನೋಡಬಹುದು. 127 ಅಂದರೆ 2⁷ − 1; ಐದು ಹೆಜ್ಜೆ ಸಾಕು. 4ರ ವರ್ಗ 16, ಎರಡು ಕಳೆದರೆ 14. ಅದರ ವರ್ಗ 196, ಎರಡು ಕಳೆದರೆ 194. 127ರಿಂದ ಭಾಗಿಸಿದರೆ ಶೇಷ 67. ಅದರ ವರ್ಗ 4489, ಎರಡು ಕಳೆದು ಭಾಗಿಸಿದರೆ ಶೇಷ 42. ಅದರಿಂದ 1762, ಶೇಷ 111. ಅದರಿಂದ 12319, ಇದು ಸರಿಯಾಗಿ 127 × 97. ಶೇಷ ಶೂನ್ಯ.

ಮಾಟದಂತೆ ತೋರುವ ಇದರ ಒಳಗುಟ್ಟು ಏನು? 2 + √3 ಮತ್ತು 2 − √3 ಎಂಬ ಜೋಡಿಯನ್ನು ನೋಡಿ. ಕೂಡಿದರೆ 4, ಗುಣಿಸಿದರೆ 1. ಗುಣಲಬ್ಧ ಒಂದಾದ್ದರಿಂದಲೇ, ಮೊತ್ತದ ವರ್ಗದಲ್ಲಿ ಎರಡು ಕಳೆದರೆ ಅವೆರಡರ ವರ್ಗಗಳ ಮೊತ್ತ ಸಿಗುತ್ತದೆ. ಅಂದರೆ ನಮ್ಮ ಪ್ರತಿ ಹೆಜ್ಜೆಯೂ ಈ ಜೋಡಿಯ ಘಾತವನ್ನು ಇಮ್ಮಡಿ ಮಾಡುತ್ತದೆ. ಶೇಷಗಳ ಲೋಕದಲ್ಲಿ ಘಾತಗಳು ಗಾಣದ ಎತ್ತಿನಂತೆ ಸುತ್ತಿ ಮೊದಲ ಜಾಗಕ್ಕೆ ಬಂದೇ ಬರುತ್ತವೆ. ಕೊನೆಗೆ ಶೂನ್ಯ ಬಂತೆಂದರೆ ಆ ಸುತ್ತಿನ ಉದ್ದ ಸರಿಯಾಗಿ 2¹²⁷ ಎಂದು ಅರ್ಥ. ಈಗ ನಮ್ಮ ಸಂಖ್ಯೆಗೆ ಚಿಕ್ಕ ಭಾಜಕವೊಂದು ಇದೆಯೆಂದು ಇಟ್ಟುಕೊಳ್ಳಿ. ಅದರ ಶೇಷಗಳಿಂದಾದ ಅಂಗಳದಲ್ಲಿ ಇರುವ ಜಾಗಗಳು ಅದರ ವರ್ಗಕ್ಕಿಂತ ಕಡಿಮೆ. ಆ ವರ್ಗವೋ ನಮ್ಮ ಸಂಖ್ಯೆಯನ್ನು ಮೀರುವಂತಿಲ್ಲ. ಅಷ್ಟು ಉದ್ದದ ಸುತ್ತಿಗೆ ಅಷ್ಟು ಕಿರಿದಾದ ಅಂಗಳದಲ್ಲಿ ಜಾಗವಿಲ್ಲ. ಆದ್ದರಿಂದ ಅಂಥ ಭಾಜಕವೇ ಇಲ್ಲ. ಒಂದೊಂದಾಗಿ ಹುಡುಕದೆ, ಇರಲಾರದು ಎಂದು ತೀರ್ಮಾನಿಸುವ ಬಗೆ ಇದು.

160 ಕೋಟಿ ವರ್ಷದ ಕೆಲಸ ಇಲ್ಲಿ 125 ಹೆಜ್ಜೆಗೆ ಇಳಿಯಿತು. ಹಾಗೆಂದು ಅದೇನೂ ಸುಲಭವಲ್ಲ. ಪ್ರತಿ ಹೆಜ್ಜೆಯಲ್ಲೂ ಸುಮಾರು ಮೂವತ್ತೊಂಬತ್ತು ಅಂಕಿಗಳ ವರ್ಗ ಮಾಡಬೇಕು, ಎಲ್ಲಿಯೋ ಒಂದು ದಶಕ ತಪ್ಪಿದರೆ ಕೊನೆಯ ಶೂನ್ಯ ಬರುವುದೇ ಇಲ್ಲ. ಭಾಗಾಕಾರ ಮಾತ್ರ ಹಗುರ. 999ರಿಂದ ಭಾಗಿಸಿದ ಶೇಷ ಬೇಕಾದಾಗ ಮೂರುಮೂರು ಅಂಕಿಗಳಾಗಿ ಒಡೆದು ಕೂಡುವ ಯುಕ್ತಿ ಹಳಬರಿಗೆ ಗೊತ್ತು: 37634ಕ್ಕೆ 37 + 634 = 671. ದ್ವಿಮಾನದಲ್ಲಿ ನಮ್ಮ ಸಂಖ್ಯೆ 127 ಒಂದುಗಳ ಸಾಲಾದ್ದರಿಂದ ಅಲ್ಲಿಯೂ ಹಾಗೆಯೇ. 127 ಸ್ಥಾನಗಳಿಗೆ ಒಡೆದು ಕೂಡಿದರೆ ಭಾಗಾಕಾರ ಮುಗಿದಂತೆ. ಈ ಸೌಕರ್ಯಕ್ಕಾಗಿಯೇ ಇಂದಿಗೂ ಇದಕ್ಕೆ ಬೇಡಿಕೆಯಿದೆ. 2015ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಗುಪ್ತಸಂದೇಶಗಳಿಗಾಗಿ ಪ್ರಕಟಿಸಿದ ಫೋರ್‌ಕ್ಯೂ ಎಂಬ ವಕ್ರರೇಖೆ ಇದೇ ಸಂಖ್ಯೆಯ ಮೇಲೆ ನಿಂತಿದೆ. (ಇದು ಗುಪ್ತವಾದ ಬೀಗದ ಕೈ ಅಲ್ಲ, ಎಲ್ಲರಿಗೂ ತಿಳಿದದ್ದೇ, ಗುಟ್ಟು ಇರುವುದು ಬೇರೆ ಕಡೆ.)

ಲುಕಾನ ಪರೀಕ್ಷೆಯ ಇನ್ನೊಂದು ಮುಖ ನಮಗೆ ಇದಕ್ಕಿಂತಲೂ ಸೋಜಿಗವೆನಿಸಿತು. ಅದೇ 1876ರಲ್ಲಿ ಮೆರ್ಸೆನ್ ಪಟ್ಟಿಯ 67 ತಪ್ಪು, 2⁶⁷ − 1 ಒಡೆಯುತ್ತದೆ ಎಂದೂ ಆತ ತೋರಿಸಿದ. ಆದರೆ ಯಾವ ಎರಡು ಸಂಖ್ಯೆಗಳಾಗಿ ಒಡೆಯುತ್ತದೆ? ಅದನ್ನು ಪರೀಕ್ಷೆ ಹೇಳುವುದಿಲ್ಲ. ಮನೆಯೊಳಗೆ ಯಾರೋ ಇದ್ದಾರೆ ಎಂದು ತಿಳಿಯುತ್ತದೆ, ಯಾರೆಂದು ತಿಳಿಯದು. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕ ಹಲಗೆಯ ಬಳಿಗೆ ಹೋಗಿ, ಒಂದು ಕಡೆ ಆ ಸಂಖ್ಯೆಯನ್ನು ಬಿಡಿಸಿ ಬರೆದು, ಇನ್ನೊಂದು ಕಡೆ 193707721 × 761838257287 ಎಂದು ಬರೆದು ಗುಣಿಸಿದನಂತೆ. ಎರಡೂ ಕಡೆ ಬಂದದ್ದು 147573952589676412927. ಒಂದು ಮಾತನ್ನೂ ಆಡದೆ ಹೋಗಿ ಕುಳಿತನಂತೆ, ಸಭೆ ಚಪ್ಪಾಳೆ ತಟ್ಟಿತಂತೆ. ಎಷ್ಟು ಕಾಲ ಹಿಡಿಯಿತೆಂದು ಆಮೇಲೆ ಕೇಳಿದಾಗ ಮೂರು ವರ್ಷದ ಭಾನುವಾರಗಳು ಎಂದನೆಂದು ಪ್ರತೀತಿ. ಆ ಮೊದಲ ಭಾಜಕದಲ್ಲಿ ಒಂದು ಕಳೆದು 134ರಿಂದ ಭಾಗಿಸಿ ನೋಡಿ; ಸರಿಯಾಗಿ 1445580 ಬರುತ್ತದೆ. 134ರ ಮಗ್ಗಿಯಲ್ಲಿ ಅಷ್ಟು ದೂರದವರೆಗೆ ಅದು ಅಡಗಿ ಕುಳಿತಿತ್ತು.

ಪಟ್ಟಿಯ ಕೊನೆಯ 257 ಕೂಡ ತಪ್ಪೆಂದು ಮುಂದೆ ತಿಳಿಯಿತು. ಮೆರ್ಸೆನ್ ಬಿಟ್ಟುಬಿಟ್ಟಿದ್ದ 61, 89, 107 ಮೂರೂ ಸೇರಬೇಕಾದವೆಂದೂ ತಿಳಿಯಿತು. ಹನ್ನೊಂದರಲ್ಲಿ ಎರಡು ತಪ್ಪು, ಮೂರು ಬಿಟ್ಟದ್ದು. 127 ಮಾತ್ರ ಉಳಿದುಕೊಂಡಿತು. 1914ರಲ್ಲಿ ಫೋಕಾಂಬರ್ಗ್ ಎಂಬುವನು ಮತ್ತೆ ಲೆಕ್ಕ ಮಾಡಿ ಲುಕಾನ ಮಾತನ್ನು ಖಚಿತಪಡಿಸಿದ. ಅದನ್ನು ನೋಡಲು ಲುಕಾ ಇರಲಿಲ್ಲ. 1891ರಲ್ಲಿ ಒಂದು ಔತಣದಲ್ಲಿ ತಟ್ಟೆಯೊಂದು ಬಿದ್ದು ಒಡೆದು, ಅದರ ಚೂರು ಕೆನ್ನೆಗೆ ತಗುಲಿ, ಗಾಯಕ್ಕೆ ನಂಜೇರಿ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದ. ವಯಸ್ಸು ನಲವತ್ತೊಂಬತ್ತು.

ಎಪ್ಪತ್ತೈದು ವರ್ಷ ಆ ಸಂಖ್ಯೆ ತಿಳಿದಿರುವ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿ ಉಳಿಯಿತು. 1951ರಲ್ಲಿ ಫೆರಿಯೆ ಎಂಬಾತ ಮೇಜಿನ ಮೇಲಿನ ಲೆಕ್ಕದ ಯಂತ್ರದಿಂದ 44 ಅಂಕಿಗಳದೊಂದನ್ನು ಕಂಡ. ಮರುವರ್ಷ ಜನವರಿ 30ರಂದು ಲಾಸ್ ಏಂಜಲಿಸಿನ ವಿದ್ಯುತ್ ಗಣಕಯಂತ್ರ ಲುಕಾನ ಪರೀಕ್ಷೆಯನ್ನೇ ನಡೆಸಿ 2⁵²¹ − 1 ಅವಿಭಾಜ್ಯವೆಂದು ಹೇಳಿತು. ಅಲ್ಲಿಂದ ಓಟ ಯಂತ್ರಗಳದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬುದರಲ್ಲಿ 41024320 ಅಂಕಿಗಳಿವೆ. ಅದನ್ನು ಖಚಿತಪಡಿಸಿದ್ದೂ ಇದೇ ವರ್ಗ ಮಾಡು, ಎರಡು ಕಳೆ ಎಂಬ ಪರೀಕ್ಷೆಯೇ.

ಇಲ್ಲಿ ನಮ್ಮ ದೇಶದ ಮಾತೊಂದನ್ನು ಬಿಡಬಾರದು. ಲುಕಾನ ಯುಕ್ತಿ ಈ ಬಗೆಯ ಸಂಖ್ಯೆಗಳಿಗೆ ಮಾತ್ರ. ಯಾವುದೇ ಸಂಖ್ಯೆಯನ್ನು ಕೊಟ್ಟರೂ, ಅಂಕಿಗಳು ಹೆಚ್ಚಿದಂತೆ ಕೆಲಸ ಮಿತಿಮೀರಿ ಬೆಳೆಯದೆ, ಸಂದೇಹಕ್ಕೆಡೆಯಿಲ್ಲದಂತೆ ಉತ್ತರ ಕೊಡುವ ಕ್ರಮವನ್ನು 2002ರ ಆಗಸ್ಟಿನಲ್ಲಿ ತೋರಿಸಿದವರು ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್ ಹಾಗೂ ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಇದಕ್ಕಾಗಿ ಮೂವರಿಗೂ 2006ರಲ್ಲಿ ಗೋಡೆಲ್ ಪಾರಿತೋಷಕ ಬಂತು.

ಇನ್ನು ವಂಶಾವಳಿಯ ಮಗ. 2ರ ತಲೆಯ ಮೇಲೆ ನಮ್ಮ ಮೂವತ್ತೊಂಬತ್ತು ಅಂಕಿಯವನನ್ನು ಕೂರಿಸಿ ಒಂದು ಕಳೆದರೆ ಅವನು. ಅವನಲ್ಲಿ ಎಷ್ಟು ಅಂಕಿಗಳಿವೆ ಎಂದು ಹೇಳಲಿಕ್ಕೇ ಮೂವತ್ತೆಂಟು ಅಂಕಿಗಳ ಸಂಖ್ಯೆ ಬೇಕು. ಬರೆಯಲು ಜಗತ್ತಿನ ಕಾಗದವೆಲ್ಲ ಸಾಲದು. ಪರೀಕ್ಷೆಯ ಹೆಜ್ಜೆಗಳೇ ಹೆಚ್ಚುಕಡಿಮೆ ತಂದೆಯಷ್ಟಾಗುತ್ತವೆ. ಅವನು ಅವಿಭಾಜ್ಯನೇ ಎಂಬುದು ಯಾರಿಗೂ ತಿಳಿಯದು.

ಕೊನೆಗೂ ಒಂದು ಭಾನುವಾರ ನಾವು ಹಲಗೆಯ ಮುಂದೆ ನಿಂತು 4, 14, 67, 42, 111 ಎಂದು ಬರೆದು ಶೂನ್ಯ ತೋರಿಸಿದೆವು. ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. 2047ನ್ನು ತಾನೇ ಮಾಡಿದಳು. ಒಂಬತ್ತು ಹೆಜ್ಜೆಯ ಕೊನೆಗೆ 1736 ಉಳಿಯಿತು. "ಶೂನ್ಯ ಬರಲಿಲ್ಲ. ಆದರೆ ಇಪ್ಪತ್ಮೂರೂ ಎಂಬತ್ತೊಂಬತ್ತೂ ಎಲ್ಲೂ ಬರಲಿಲ್ಲವಲ್ಲ ಮಾಮ?" ಎಂದು ಹಲಗೆಯನ್ನೇ ದಿಟ್ಟಿಸಿದಳು. ಬರುವುದಿಲ್ಲ, ಅದೇ ಇದರ ಬಗೆ ಎಂದೆವು. ಆಮೇಲೆ 2¹³ − 1, ಅಂದರೆ 8191ನ್ನು ಬರೆದುಕೊಂಡು ಮನೆಗೆ ಹೋದಳು.

ಮುಂದಿನ ವಾರ ನೋಟ್‌ಬುಕ್ ತಂದು ತೋರಿಸಿದಳು. ಹನ್ನೊಂದು ಹೆಜ್ಜೆಗಳು, ಎಲ್ಲ ಕೈಬರಹದಲ್ಲಿ, ಕನ್ನಡ ಅಂಕಿಗಳಲ್ಲೇ. ಏಳನೆಯ ಹೆಜ್ಜೆಯಲ್ಲಿ ೩೬ ಎಂಬ ಚಿಕ್ಕ ಶೇಷ ಬಂದಾಗ ತಪ್ಪಾಗಿರಬೇಕೆಂದು ಅಳಿಸಿ ಮೊದಲಿಂದ ಮಾಡಿದಳಂತೆ, ಮತ್ತೆ ಮೂವತ್ತಾರೇ. ಹತ್ತನೆಯದು ೧೨೮. ಅದರ ವರ್ಗ ೧೬೩೮೪, ಎರಡು ಕಳೆದರೆ ೧೬೩೮೨, ಎಂದರೆ ಸರಿಯಾಗಿ ೮೧೯೧ರ ಎರಡರಷ್ಟು. ಅದರ ಕೆಳಗೆ ಒಂದು ಸೊನ್ನೆ ಬರೆದು, ಸುತ್ತಲೂ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದಳು.